ಮೂವರ ಸಾಲಿನಲ್ಲಿ ನಾಲ್ಕನೆಯ ದನಿ

ಇಂಥದ್ದನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ. ಮೈಸೂರಿನ ಹಾಸ್ಟೆಲ್ಲಿನಲ್ಲಿ ಹುಡುಗಿಯರು ಮೇಣದಬತ್ತಿ ಹಚ್ಚಿಟ್ಟು, ಲೋಟ ಬೋರಲು ಹಾಕಿ ಆತ್ಮ ಕರೆಯುತ್ತಿದ್ದಾಗ, ಲೋಟವನ್ನು ತಳ್ಳುತ್ತಿದ್ದ ಬೆರಳು ಯಾರದೆಂದು ಕಂಡುಹಿಡಿದು ಎಲ್ಲರ ಮೋಜು ಕೆಡಿಸಿದವಳು ನಾನೇ. ಸತ್ತವರು ಕರೆದರು, ಕನಸಿನಲ್ಲಿ ಬಂದು ನೀರು ಕೇಳಿದರು ಎಂದು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ಸಾಮಾನ್ಯವಾಗಿ ಇಂಥವೆಲ್ಲ ನಡುರಾತ್ರಿಯಲ್ಲಿ, ಕರೆಂಟು ಹೋದಾಗ ನಡೆಯುತ್ತವೆ. ನನ್ನದು ನಡೆದದ್ದು ಟೋಕಿಯೋದ ಓಜಿಮಾದಲ್ಲಿ, ಒಂದು ಶನಿವಾರ ಮಧ್ಯಾಹ್ನ, ವಾರ್ಡಿನ ಸಾರ್ವಜನಿಕ ಕಟ್ಟಡದ ಅಭ್ಯಾಸದ ಕೋಣೆಯಲ್ಲಿ. ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಸುತ್ತ ಇಪ್ಪತ್ತು ಚಿಲ್ಲರೆ ಜನರಿದ್ದರು, ಬಹುಪಾಲು ಎಪ್ಪತ್ತು ದಾಟಿದವರು. ಪಕ್ಕದ ಕೋಣೆಯಲ್ಲಿ ಇನ್ನೊಂದು ಗುಂಪು ಹೂ ಜೋಡಿಸುವುದನ್ನು ಕಲಿಯುತ್ತಿತ್ತು. ಹೆದರುವುದಕ್ಕೆ ಅದಕ್ಕಿಂತ ಅನುಕೂಲವಿಲ್ಲದ ಜಾಗ ಸಿಗಲಿಕ್ಕಿಲ್ಲ.

ಮೊದಲು ನನ್ನ ತಮ್ಮನ ವಿಷಯ ಹೇಳಬೇಕು. ಸುಹಾಸ ಕ್ಯೋಟೋದಲ್ಲಿ ಪೋಸ್ಟ್‌ಡಾಕ್ ಆಗಿದ್ದ. ಅವನ ಸಂಶೋಧನೆ ಪಾಚಿಯ ಮೇಲೆ. ಬಚ್ಚಲಿನ ಗೋಡೆಯಿಂದ ಅಮ್ಮ ಉಜ್ಜಿ ಉಜ್ಜಿ ತೆಗೆಯುವುದನ್ನು ನೋಡಲು ಇವನು ಸಮುದ್ರ ದಾಟಿ ಹೋಗಿದ್ದಾನೆ ಎಂದು ಮನೆಯಲ್ಲಿ ಎಲ್ಲರೂ ಅವನನ್ನು ರೇಗಿಸುತ್ತಿದ್ದೆವು. ನನ್ನ ಗಂಡ ರಘುವನ್ನು ಅವನ ಕಂಪನಿ ಅದಕ್ಕೂ ಮುಂಚೆಯೇ ಟೋಕಿಯೋಕ್ಕೆ ಕಳಿಸಿತ್ತು. ಓಜಿಮಾದ ವಸತಿ ಕಟ್ಟಡವೊಂದರಲ್ಲಿ ನಾನು, ರಘು, ಮಗಳು ಅನ್ವಿ ಇದ್ದೆವು. ರಜೆ ಸಿಕ್ಕಾಗಲೆಲ್ಲ ಸುಹಾಸ ಬಸ್ಸು ಹಿಡಿದು ಬಂದು, ಎರಡು ದಿನ ಹೊಟ್ಟೆ ತುಂಬ ಹುಳಿಯನ್ನ ಉಂಡು, ಅನ್ವಿಯ ಹತ್ತಿರ ಜಪಾನಿ ಮಾತು ತಿದ್ದಿಸಿಕೊಂಡು ಹೋಗುತ್ತಿದ್ದ.

ಒಂದು ನವೆಂಬರ್ ಬೆಳಿಗ್ಗೆ ಅವನು ಪಾಚಿ ಸಂಗ್ರಹಿಸಲೆಂದು ಕ್ಯೋಟೋದ ಉತ್ತರದ ಬೆಟ್ಟಗಳ ಕಡೆ ಸೈಕಲ್ಲಿನಲ್ಲಿ ಹೋದ. ತಿರುಗಿ ಬರಲಿಲ್ಲ. ಸೈಕಲ್ಲು ಬೆಟ್ಟದ ಬುಡದ ಸಣ್ಣ ರೈಲು ನಿಲ್ದಾಣದ ಸ್ಟ್ಯಾಂಡಿನಲ್ಲಿ ಬೀಗ ಹಾಕಿದ ಹಾಗೆಯೇ ಸಿಕ್ಕಿತು. ಫೋನು ಸಿಗಲಿಲ್ಲ, ಚೀಲ ಸಿಗಲಿಲ್ಲ. ಪೊಲೀಸರು, ಅಗ್ನಿಶಾಮಕದವರು, ಅವನ ಲ್ಯಾಬಿನ ಹುಡುಗರು ಎಲ್ಲರೂ ಹುಡುಕಿದರು. ಬಹಳ ಮರ್ಯಾದೆಯ ಪೊಲೀಸರು. ಪ್ರತಿ ಸಲವೂ ನನ್ನ ಮುಂದೆ ಸೊಂಟದವರೆಗೆ ಬಾಗಿ, ಏನೂ ಸಿಕ್ಕಿಲ್ಲ ಎಂದು ಹೇಳುತ್ತಿದ್ದರು. ಅವರಲ್ಲೊಬ್ಬರು, ಕಾಂಟ್ರಾಕ್ಟ್ ಮುಗಿಯುತ್ತಿತ್ತಂತಲ್ಲ, ನಿಮ್ಮ ತಮ್ಮನಿಗೆ ಮನಸ್ಸಿಗೆ ಬೇಸರವೇನಾದರೂ ಇತ್ತೇ ಎಂದು ಮೆಲ್ಲಗೆ ಕೇಳಿದರು. ಕಾಂಟ್ರಾಕ್ಟ್ ಮುಗಿಯುತ್ತಿದ್ದದ್ದು ನಿಜ. ಬೇಸರವಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆಮೇಲೆ ಬೆಟ್ಟದಲ್ಲಿ ಹಿಮ ಬಿತ್ತು, ಹುಡುಕಾಟ ನಿಂತಿತು.

ಆ ಚಳಿಗಾಲ ನಾನು ಮನೆಯೊಳಗೇ ಕೊಳೆಯುತ್ತಿದ್ದೆ. ಅಡುಗೆ ಮಾಡುತ್ತಿದ್ದೆ, ಅನ್ವಿಯನ್ನು ಶಾಲೆಗೆ ಕಳಿಸುತ್ತಿದ್ದೆ, ಉಳಿದ ಹೊತ್ತು ಫೋನು ನೋಡುತ್ತಾ ಕೂತಿರುತ್ತಿದ್ದೆ. ಇಲ್ಲಿ ಒಂದೊಂದು ಬಗೆಯ ಕಸಕ್ಕೆ ಒಂದೊಂದು ದಿನ. ಸುಡುವ ಕಸದ ದಿನ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ದಿನ ತರಕಾರಿ ಸಿಪ್ಪೆ ಇಡತೊಡಗಿದ್ದೆನಂತೆ. ಅದನ್ನು ಹೇಳಲೆಂದೇ ಪಕ್ಕದ ಮನೆಯ ಕುರೋದಾ-ಸಾನ್ ಒಂದು ದಿನ ಬಾಗಿಲು ತಟ್ಟಿದರು. ಗಂಡ ತೀರಿಕೊಂಡು ಒಂಟಿಯಾಗಿದ್ದ ಹೆಂಗಸು, ಮಾತು ಕಡಿಮೆ. ನನ್ನ ಮುಖ ನೋಡಿದವರೇ ಕಸದ ಮಾತು ಬಿಟ್ಟು, ಶನಿವಾರ ನಮ್ಮ ಜೊತೆ ಹಾಡಲು ಬನ್ನಿ ಎಂದರು. ಮೈಸೂರಿನಲ್ಲಿ ನಾನು ಸಂಗೀತ ಕಲಿತಿದ್ದು ಅವರಿಗೆ ಗೊತ್ತಿತ್ತು, ಗೋಡೆ ಅಷ್ಟು ತೆಳು. ಬೇಡವೆನ್ನಲೂ ಶಕ್ತಿಯಿಲ್ಲದೆ ಹೋದೆ.

ಹೋದ ಮೇಲೆ ಗೊತ್ತಾಯಿತು, ಅವರು ಹಾಡುತ್ತಿದ್ದದ್ದು ರಿಕ್ವಿಯಂ. ಸತ್ತವರ ಶಾಂತಿಗಾಗಿ ಚರ್ಚಿನಲ್ಲಿ ಹಾಡುವ ಪೂಜಾಸಂಗೀತ. ಆ ಗುಂಪಿನಲ್ಲಿ ಒಬ್ಬರೂ ಕ್ರೈಸ್ತರಿರಲಿಲ್ಲ. ಅವರನ್ನೆಲ್ಲ ಆ ಹುಚ್ಚಿಗೆ ಹಚ್ಚಿದವರು ಹಿರೋಸೆ-ಸಾನ್, ನಿವೃತ್ತ ಸಂಗೀತ ಶಿಕ್ಷಕರು. ಹದಿನೆಂಟನೆಯ ಶತಮಾನದ ಇಟಲಿಯ, ಈಗ ಯಾರಿಗೂ ನೆನಪಿಲ್ಲದ ಸಂಗೀತಗಾರರೆಂದರೆ ಅವರಿಗೆ ಪ್ರಾಣ. ದೊಡ್ಡ ಹೆಸರಿನವರ ರಿಕ್ವಿಯಂ ಹಾಡಲು ಲೋಕದಲ್ಲಿ ಜನ ಬೇಕಾದಷ್ಟಿದ್ದಾರೆ, ಈ ಬಡಪಾಯಿಗಳಿಗೆ ಯಾರಿದ್ದಾರೆ ಎನ್ನುತ್ತಿದ್ದರು. ಇಟಲಿಯ ಗ್ರಂಥಾಲಯಗಳಿಂದ ಹಳೆಯ ಹಸ್ತಪ್ರತಿಗಳ ಚಿತ್ರ ತರಿಸಿ, ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ಸ್ವರ ಹೊಡೆದು, ನಮಗೆ ಪ್ರತಿ ಮಾಡಿ ಹಂಚುತ್ತಿದ್ದರು.

ನಾವು ಹಾಡುತ್ತಿದ್ದುದನ್ನು ಬರೆದವನ ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಫೆರ್ರಾರಾ ಊರಿನ ಒಂದು ಚರ್ಚಿನಲ್ಲಿ ಸಂಬಳಕ್ಕಿದ್ದವನು. ಹಿರೋಸೆ-ಸಾನ್ ಅವನನ್ನು ಯಾವಾಗಲೂ ‘ಫೆರ್ರಾರಾ-ಸಾನ್’, ಅಂದರೆ ಫೆರ್ರಾರಾ ಅವರು, ಎಂದೇ ಕರೆಯುತ್ತಿದ್ದರು, ಈಗಷ್ಟೇ ಹೊರಗೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಎನ್ನುವ ಹಾಗೆ. ನಾಟಕದ ಸಂಗೀತ ಬರೆದು ಸೋತವನಂತೆ. ಯಾರೋ ಸಣ್ಣ ಜಮೀನುದಾರ ಸತ್ತಾಗ ಅವನ ಮನೆಯವರ ಬೇಡಿಕೆಯ ಮೇಲೆ ಇದನ್ನು ಬರೆದ. ಒಂದೇ ಸಲ ಹಾಡಿ ಬೀರುವಿನಲ್ಲಿಟ್ಟರು. ಆಮೇಲೆ ಯಾರೂ ಹಾಡಿದ್ದಕ್ಕೆ ಗುರುತಿಲ್ಲ, ಧ್ವನಿಮುದ್ರಣವಂತೂ ಇಲ್ಲವೇ ಇಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ. ಪ್ರಳಯದ ದಿನದ ವರ್ಣನೆ ಬರುವ ಜಾಗದಲ್ಲಿ ಆ ಮನುಷ್ಯ ಮದುವೆಮನೆಯ ಓಲಗದ ಹಾಗೆ ಕುಣಿಯುವ ಲಯ ಇಟ್ಟಿದ್ದ. ಇದೇನಿದು, ಸಾವಿನ ಹಾಡಿಗೆ ಇಷ್ಟು ಸಡಗರ ಎಂದು ಕೇಳಿದೆ. ಆ ಕಾಲದಲ್ಲಿ ಜನ ಧಾರಾಳವಾಗಿ ಅಳುತ್ತಿದ್ದರು, ಅಳಿಸುವ ಕೆಲಸ ಸಂಗೀತದ್ದಾಗಿರಲಿಲ್ಲ ಎಂದರು ಹಿರೋಸೆ-ಸಾನ್. ಆದರೆ ಮೊದಲಿಗೆ ಬರುವ ‘ಕಿರಿಯೆ’ ಎಂಬ ಭಾಗ ಮಾತ್ರ ಬೇರೆ ತರಹದ್ದು. ಹಳೆಯ ಶೈಲಿಯ ಕಟ್ಟು. ಆಲ್ಟೊಗಳು, ಅಂದರೆ ನಮ್ಮಂಥ ಕೆಳದನಿಯ ಹೆಂಗಸರು, ಒಂದು ಸಾಲು ಎತ್ತಿಕೊಳ್ಳುತ್ತೇವೆ. ಅದು ಅರ್ಧಕ್ಕೆ ಬರುವಾಗ ಅದೇ ಸಾಲನ್ನು ಟೆನರುಗಳು, ಅಂದರೆ ಮೇಲುದನಿಯ ಗಂಡಸರು, ತಮ್ಮ ಸ್ಥಾಯಿಯಲ್ಲಿ ಹಿಡಿಯುತ್ತಾರೆ. ಆಮೇಲೆ ಇನ್ನೊಂದು ಗುಂಪು, ಆಮೇಲೆ ಮತ್ತೊಂದು. ದಯೆ ತೋರು ಎಂಬ ಅರ್ಥದ ಎರಡೇ ಮಾತು, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಕೇಳುತ್ತಾ ಹೋಗುತ್ತಾರೆ. ಇಡೀ ರಿಕ್ವಿಯಂನಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ನನಗೆ ಅವರ ಗೆರೆಗಳ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಕುರೋದಾ-ಸಾನ್ ಪಕ್ಕದಲ್ಲಿ ಕೂತು ಕೇಳಿ ಕೇಳಿ ಕಲಿತೆ. ಕಲಿತದ್ದನ್ನು ಹಾಳೆಯ ಮೇಲೆ ಕನ್ನಡದಲ್ಲಿ ಸರಿಗಮ ಎಂದು ಬರೆದುಕೊಂಡೆ. ಆದರೆ ಇಪ್ಪತ್ತು ವರ್ಷ ಹಾಡಿದ ಗಂಟಲು ಸುಮ್ಮನಿರುತ್ತದೆಯೇ? ಸ್ವರವನ್ನು ಕೆಳಗಿನಿಂದ ಎಳೆದು ತಂದು, ಸ್ವಲ್ಪ ತೂಗಿ, ಆಮೇಲೆ ಕೂರಿಸುವುದೇ ನಮ್ಮ ಅಭ್ಯಾಸ. ಹಿರೋಸೆ-ಸಾನ್ ಪ್ರತಿ ವಾರ ಕೈಯಿಂದ ಗಾಳಿಯಲ್ಲಿ ನೇರ ಗೆರೆ ಎಳೆದು ತೋರಿಸುತ್ತಿದ್ದರು. ಆ ಜಾರುವಿಕೆ ಬಿಡಿಸಲು ಅವರಿಗೆ ಇಡೀ ವಸಂತಕಾಲ ಹಿಡಿಯಿತು. ಬೇಸಿಗೆ ಹೊತ್ತಿಗೆ ನಾನೂ ಉಳಿದವರ ಹಾಗೆ ಗೆರೆ ಎಳೆದಂತೆ ಹಾಡುತ್ತಿದ್ದೆ.

ಸುಹಾಸನಿಗೂ ಚಿಕ್ಕಂದಿನಲ್ಲಿ ನನ್ನ ಜೊತೆಯಲ್ಲೇ ಪಾಠವಾಗುತ್ತಿತ್ತು. ಒಂದು ವರ್ಷ ನೋಡಿ ಮೇಷ್ಟ್ರು ಕೈಮುಗಿದರು. ಅವನಿಗೆ ತಾನಾಗಿ ಶುರು ಮಾಡಲು ಬರುತ್ತಲೇ ಇರಲಿಲ್ಲ. ನನ್ನ ಸ್ವರ ಕಿವಿಗೆ ಬಿದ್ದು, ಅದು ಅಲ್ಲಿದೆ ಎಂದು ಖಾತ್ರಿಯಾದ ಮೇಲೆ ಬಾಯಿ ತೆರೆಯುತ್ತಿದ್ದ. ಅಷ್ಟು ಹೊತ್ತಿಗೆ ತಾಳ ಮುಂದೆ ಹೋಗಿರುತ್ತಿತ್ತು. ತೆರೆದ ಮೇಲೂ ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗೆ ಬಿದ್ದು, ಅಲ್ಲಿಂದ ತಡಕಾಡುತ್ತಾ ಮೇಲಕ್ಕೆ ಹತ್ತುತ್ತಿದ್ದ. ದೊಡ್ಡವನಾದ ಮೇಲೆ ಹುಟ್ಟುಹಬ್ಬದ ಹಾಡಿನಲ್ಲೂ ಅದೇ ಪಾಡು. ಹತ್ತು ಜನರ ನಡುವೆ ಅವನ ದನಿಯನ್ನು ಕಣ್ಣು ಮುಚ್ಚಿಕೊಂಡು ಹೆಕ್ಕಬಹುದಿತ್ತು.

ಈ ನಡುವೆ ಮೈಸೂರಿನಿಂದ ಅಮ್ಮನ ಫೋನು ಬರುತ್ತಿತ್ತು. ಅಪ್ಪ ಇಲ್ಲ, ಅಮ್ಮ ಚಿಕ್ಕಪ್ಪನ ಕುಟುಂಬದ ಜೊತೆಗಿದ್ದಾಳೆ. ಕಾಣೆಯಾದವರಿಗೆ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯಲ್ಲಿ ಆಕಾರ ಮಾಡಿ ಕರ್ಮ ಮಾಡಬೇಕೆನ್ನುತ್ತದೆ ಶಾಸ್ತ್ರ. ಅಮ್ಮನಿಗೆ ಅಷ್ಟು ಕಾಯುವ ಆರೋಗ್ಯವಿರಲಿಲ್ಲ. ಎಲ್ಲ ಕಡೆ ಹುಡುಕಿಯಾಗಿದೆ, ಮನೆಯವರೆಲ್ಲ ಒಪ್ಪಿದರೆ ಮೊದಲೇ ಮಾಡಬಹುದು ಎಂದು ಪುರೋಹಿತರು ದಾರಿ ತೋರಿಸಿದ್ದರು. ಚಿಕ್ಕಪ್ಪ ಕರ್ತೃವಾಗಲು ಸಿದ್ಧರಿದ್ದರು. ಒಪ್ಪದಿದ್ದವಳು ನಾನೊಬ್ಬಳೇ. ಬದುಕಿರುವವನಿಗೆ ಪಿಂಡ ಇಟ್ಟರೆ ಅದು ಏನಾಗುತ್ತದೆ ಎಂದು ಅಮ್ಮನನ್ನು ಕೇಳಿದ್ದೆ.

“ಬದುಕಿದ್ರೆ ಎಲ್ಲೋ ಒಂದ್ ಕಡೆ ಉಂಡ್ಕೊಂಡಿರ್ತಾನೆ ಬಿಡು,” ಎಂದಳು ಅಮ್ಮ. “ಇಲ್ದೇ ಹೋಗಿದ್ರೆ? ಒಂದ್ ತುತ್ತು ಅನ್ನ ಇಲ್ದೆ ಇನ್ನೂ ಎಷ್ಟ್ ದಿನ ಅಲೆಸ್ತೀಯೇ ಅವನ್ನ?”

ನಾನು ಫೋನಿಟ್ಟೆ. ದೆವ್ವ, ಆತ್ಮ ಒಂದನ್ನೂ ನಂಬದ ನಾನು, ಎರಡು ಹಿಡಿ ಅನ್ನ ನನ್ನ ತಮ್ಮನನ್ನು ಕೊಂದುಬಿಡುತ್ತದೆ ಎಂದು ನಂಬಿ ನಡುಗುತ್ತಿದ್ದೆ. ಅದು ತಮಾಷೆಯಾಗಿ ಕಂಡರೆ ನಗಬಹುದು.

ಸೆಪ್ಟೆಂಬರಿನಲ್ಲಿ ಇಡೀ ರಿಕ್ವಿಯಂ ಅನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಹಾಡುವ ದಿನ ಬಂತು. ಆ ದಿನಕ್ಕೆ ಹಿರೋಸೆ-ಸಾನ್ ಅವರದೊಂದು ಪದ್ಧತಿಯಿತ್ತು. ಫೆರ್ರಾರಾ-ಸಾನ್ ಯಾರಿಗಾಗಿ ಬರೆದರೋ ಆ ಜಮೀನುದಾರ ನಮಗೆ ಯಾರೂ ಅಲ್ಲ, ಯಾರಿಗೂ ಅಲ್ಲದ ರಿಕ್ವಿಯಂ ಬರಿಯ ಗಂಟಲಿನ ವ್ಯಾಯಾಮ, ಹಾಗಾಗಿ ಪ್ರತಿಯೊಬ್ಬರೂ ತೀರಿಕೊಂಡ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಬರಬೇಕು. ಸುತ್ತ ಕೂತು ಒಬ್ಬೊಬ್ಬರಾಗಿ ಹೇಳಿದರು. ಕುರೋದಾ-ಸಾನ್ ಗಂಡನ ಹೆಸರು ಹೇಳಿದರು. ಇವಾಯಿ-ಸಾನ್, ನಮ್ಮ ಮೂವರು ಟೆನರುಗಳಲ್ಲಿ ಹಿರಿಯರು, ಬಿಗುಮಾನದ ಮನುಷ್ಯ, ತಮ್ಮ ನಾಯಿಯ ಹೆಸರು ಹೇಳಿದರು, ಯಾರೂ ನಗಲಿಲ್ಲ. ನನ್ನ ಸರದಿ ಬಂದಾಗ ನನಗೆ ಯಾರೂ ಇಲ್ಲ ಎಂದೆ. ತೀರಿಹೋದ ಅಪ್ಪನ ಹೆಸರು ಹೇಳಬಹುದಿತ್ತು. ಹೇಳಿದರೆ ಪಕ್ಕದಲ್ಲಿ ಇನ್ನೊಂದು ಹೆಸರು ತಾನಾಗಿ ಬಂದು ನಿಲ್ಲುತ್ತದೆ ಎಂಬ ಭಯವಿತ್ತು. ಹಿರೋಸೆ-ಸಾನ್ ತಲೆಯಾಡಿಸಿ ಮುಂದಿನವರ ಕಡೆ ತಿರುಗಿದರು.

ಹಾಡು ಶುರುವಾಯಿತು. ಮೊದಲ ಭಾಗ ಮುಗಿದು ‘ಕಿರಿಯೆ’ ಬಂತು. ನಾವು ಆಲ್ಟೊಗಳು ಸಾಲು ಎತ್ತಿಕೊಂಡೆವು. ಅರ್ಧಕ್ಕೆ ಟೆನರುಗಳು ಸೇರಿದರು. ಹಿರೋಸೆ-ಸಾನ್ ಕೈ ಇಳಿಸಿ ನಿಲ್ಲಿಸಿದರು. ಟೆನರ್, ಸುಮಿಮಾಸೆನ್, ಕ್ಷಮಿಸಿ, ಒಬ್ಬರು ತಡವಾದರು ಎಂದರು. ಮತ್ತೆ ಹಾಡಿದೆವು. ಮತ್ತೆ ನಿಲ್ಲಿಸಿದರು. ಈಗಲೂ ಒಬ್ಬರು ತಡ, ಸ್ವರವೂ ಸ್ವಲ್ಪ ಕೆಳಗೆ ಎಂದರು. ಇವಾಯಿ-ಸಾನ್ ಮುಖ ಕೆಂಪಾಯಿತು. ತಾನಲ್ಲ ಎಂದು ಬಾಯಿಬಿಟ್ಟು ಹೇಳುವುದು ಅವರ ಮರ್ಯಾದೆಗೆ ಒಗ್ಗದು, ಹಾಗಾಗಿ ಕನ್ನಡಕ ಒರೆಸಿಕೊಂಡರು. ನಾನು ಎರಡು ಸಲವೂ ಹಾಳೆ ನೋಡಿಕೊಂಡು ಹಾಡುತ್ತಿದ್ದೆ, ಅಷ್ಟಾಗಿ ಗಮನ ಕೊಟ್ಟಿರಲಿಲ್ಲ.

ಹಿರೋಸೆ-ಸಾನ್ ಮೂವರನ್ನೂ ಒಬ್ಬೊಬ್ಬರಾಗಿ ಹಾಡಿಸಿದರು. ಮೂವರೂ ಸರಿ. ಮೂವರನ್ನು ಒಟ್ಟಿಗೆ ಹಾಡಿಸಿದರು. ಅದೂ ಸರಿ. ಹಾಗಾದರೆ ಆಲ್ಟೊ ಜೊತೆ ಸೇರಿ ಎಂದರು. ಈ ಸಲ ನಾನು ಹಾಡುತ್ತಲೇ ಕಿವಿಗೊಟ್ಟೆ. ಮೂರು ದನಿ ತಾಳಕ್ಕೆ ಸರಿಯಾಗಿ ಬಂದವು. ಅವುಗಳ ಹಿಂದೆ, ಅರ್ಧ ಉಸಿರಿನಷ್ಟು ತಡವಾಗಿ, ನಾಲ್ಕನೆಯದೊಂದು ಬಂತು. ಸ್ವರದ ಕೆಳಗೆ ಬಿತ್ತು. ಅಲ್ಲಿಂದ ತಡಕಾಡಿಕೊಂಡು ಮೇಲಕ್ಕೆ ಹತ್ತಿತು.

ನನಗೆ ತಲೆ ತಿರುಗಲಿಲ್ಲ, ಮೈ ತಣ್ಣಗಾಗಲಿಲ್ಲ. ಮೊದಲು ಬಂದದ್ದು ನಗು. ಅಯ್ಯೋ, ಈ ದಡ್ಡ ಇಲ್ಲೂ ಹೀಗೇ ಮಾಡುತ್ತಿದ್ದಾನಲ್ಲ ಎಂದು ನಿಜವಾಗಿಯೂ ನಗು ಬಂತು. ಆಮೇಲೆ ಏನು ಕೇಳಿಸಿಕೊಂಡೆ ಎಂದು ಅರ್ಥವಾಯಿತು. ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡೆ.

ಹಿರೋಸೆ-ಸಾನ್ ಇನ್ನೊಂದು ಸಲ ಎಂದರು. ಈ ಸಲ ನಾನು ಬಾಯಿ ಆಡಿಸಿದೆ, ದನಿ ಬಿಡಲಿಲ್ಲ. ಉಳಿದ ಆಲ್ಟೊಗಳು ಹಾಡಿದರು. ಟೆನರು ಬಂತು, ಮೂರೇ ದನಿ, ಕತ್ತರಿಸಿದ ಹಾಗೆ ತಾಳಕ್ಕೆ ಸರಿಯಾಗಿ. ಹಿರೋಸೆ-ಸಾನ್ ಮುಖ ಅರಳಿತು. ಹಾಂ, ಇದು ಸರಿ, ಗಟ್ಟಿ ಮಾಡಿಕೊಳ್ಳಲು ಇನ್ನೊಮ್ಮೆ ಎಂದರು. ನಾನು ಗಂಟಲು ಬಿಟ್ಟು ಹಾಡಿದೆ. ಹಾಡುತ್ತಾ ಟೆನರುಗಳ ಕಡೆಗೇ ನೋಡಿದೆ. ಮೂರು ಬಾಯಿ ತೆರೆದವು. ನಾಲ್ಕನೆಯ ದನಿ ಅವರ ಎಡಕ್ಕೆ, ಕಿಟಕಿಯ ಹತ್ತಿರದ ಖಾಲಿ ಜಾಗದಿಂದ, ಮೊದಲಿನ ಹಾಗೆಯೇ ತಡವಾಗಿ ಬಂತು. ನಾನು ಎತ್ತಿಕೊಂಡರೆ ಮಾತ್ರ ಬರುತ್ತಿತ್ತು.

ಹಿರೋಸೆ-ಸಾನ್ ಕೂಡ ಆ ಜಾಗವನ್ನೇ ನೋಡಿದರು. ತುಸು ಹೊತ್ತು ನೋಡಿ, ಆಮೇಲೆ ಚಾವಣಿಯನ್ನು ನೋಡಿದರು. ಈ ಕೋಣೆಯ ಗೋಡೆ ದನಿಯನ್ನು ವಾಪಸು ಕೊಡುತ್ತದೆ, ಮುಂದೆ ಹೋಗೋಣ ಎಂದರು. ಮುಂದಿನ ಭಾಗ ಶುರುವಾಯಿತು. ಅಲ್ಲಿಂದ ಕೊನೆಯವರೆಗೆ ನಾನು ದನಿ ಬಿಡಲೇ ಇಲ್ಲ. ಬಿಡುವ ಧೈರ್ಯವಿರಲಿಲ್ಲ.

ಮುಗಿಸಿಕೊಂಡು ನಾನೂ ಕುರೋದಾ-ಸಾನ್‌ರೂ ನಡೆದು ಬಂದೆವು. ಕೊಂಬಿನಿ ಅಂಗಡಿಯ ಮುಂದೆ ಅವರು ನಿಂತರು. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಆಮೇಲೆ ರಸ್ತೆಯನ್ನು ನೋಡುತ್ತಾ ಹೇಳಿದರು.

“ತಡವಾಗಿ ಬಂದರಲ್ಲ, ಅವರು ನಿಮ್ಮ ಕಡೆಯವರು ತಾನೆ? ನೀವು ಮೊದಮೊದಲು ಹಾಡುತ್ತಿದ್ದ ಹಾಗೇ ಕೆಳಗಿನಿಂದ ಜಾರಿಸಿಕೊಂಡು ಹತ್ತುತ್ತಿದ್ದರು. ನಮ್ಮಲ್ಲಿ ಯಾರಿಗೂ ಹಾಗೆ ಬರುವುದಿಲ್ಲ.”

ನಾನು ಅಲ್ಲೇ ನಡುದಾರಿಯಲ್ಲಿ ಅತ್ತೆ. ಸುಹಾಸನ ಹಾಡಿನ ಬಗ್ಗೆ ನಾನು ಅವರಿಗೆ ಏನೂ ಹೇಳಿರಲಿಲ್ಲ. ಅವನು ಕಾಣೆಯಾದದ್ದಷ್ಟೇ ಅವರಿಗೆ ಗೊತ್ತಿದ್ದದ್ದು. ಅವರು ಸಮಾಧಾನ ಮಾಡಲು ಹೋಗಲಿಲ್ಲ, ಸೈಕಲ್ಲಿನವರು ಹೋಗಲು ದಾರಿಯಾಗಲೆಂದು ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ ನಿಲ್ಲಿಸಿಕೊಂಡರು.

ಮನೆಗೆ ಬಂದು ರಘುವಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿಟ್ಟು ಪೂರ್ತಿ ಕೇಳಿದ.

“ಓಲ್ಡ್ ಬಿಲ್ಡಿಂಗ್ ಕಣೇ ಅದು,” ಎಂದ. “ಎಕೋ ಇರತ್ತೆ. ನಿನ್ನ ವಾಯ್ಸೇ ವಾಲ್‌ಗೆ ಹೊಡ್ದು ಡಿಲೇ ಆಗಿ ಬಂದಿರ್ಬೋದು. ನೀನು ಸರಿಯಾಗಿ ನಿದ್ದೆ ಮಾಡಿ ಎಷ್ಟ್ ದಿನ ಆಯ್ತು ಹೇಳು?”

ನನ್ನದೇ ದನಿ ಗಂಡಸಿನ ದನಿಯಾಗಿ ಹೇಗೆ ಬರುತ್ತದೆ ಎಂದು ಕೇಳಿದೆ. ಅವನು ದನಿ ತಗ್ಗಿಸಿ, “ಸಪೋಸ್ ಅವನೇ ಅಂತಾನೇ ಇಟ್ಕೋ. ಹಾಗಂದ್ರೆ ಏನ್ ಅರ್ಥ?” ಎಂದ. ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅನ್ವಿ, ಮಾಮ ಸಿಕ್ಕಿದನಾ ಎಂದು ಜಪಾನಿಯಲ್ಲಿ ಕೇಳಿದಳು. ಇಲ್ಲ ಎಂದೆ.

ರಘು ಕೇಳಿದ ಪ್ರಶ್ನೆಯನ್ನು ನಾನು ಒಂದು ವಾರ ಹೊತ್ತು ತಿರುಗಿದೆ. ಎಲ್ಲರೂ ತಮ್ಮ ತಮ್ಮ ಸತ್ತವರನ್ನು ಮನಸ್ಸಿನಲ್ಲಿ ಕರೆದುಕೊಂಡು ಬಂದ ದಿನವೇ ಅವನೂ ಬಂದನೆಂದರೆ, ಅವನೂ ಅವರಲ್ಲಿ ಒಬ್ಬ. ಆದರೆ ನಾನು ಅವನನ್ನು ಕರೆದಿರಲಿಲ್ಲ. ಅಲ್ಲದೆ ರಿಕ್ವಿಯಂನಲ್ಲಿ ಸತ್ತವನು ಸುಮ್ಮನೆ ಮಲಗಿರುತ್ತಾನೆ, ಹಾಡುವವರು ಬದುಕಿರುವವರು. ಅವನು ಹಾಡುವವರ ಸಾಲಿನಲ್ಲಿ ನಿಂತಿದ್ದ. ಒಂದು ದಿನ ಹೀಗೆ ಅನ್ನಿಸಿದರೆ ಮರುದಿನ ಹಾಗೆ. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ ಇದೇ ಲೆಕ್ಕಾಚಾರ. ಕೊನೆಗೆ ನಾನು ಹಿಡಿದುಕೊಂಡದ್ದು ಒಂದೇ ಒಂದನ್ನು. ಆ ದನಿ ದಣಿದಿತ್ತು. ಬಹಳ ದೂರ ನಡೆದು ಬಂದವನು ಹೊಸ್ತಿಲಲ್ಲಿ ನಿಂತು ಮಾತಾಡುವ ಹಾಗಿತ್ತು. ಅಮ್ಮನ ಮಾತು ನೆನಪಾಯಿತು. ಫೋನು ಮಾಡಿ, ಮಾಡಿಸಿಬಿಡಮ್ಮ ಎಂದೆ. ಯಾಕೆ ಮನಸ್ಸು ಬದಲಾಯಿತೆಂದು ಅಮ್ಮ ಕೇಳಲಿಲ್ಲ.

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಮಾಡಿದರು. ನಾನು ಅಡುಗೆಮನೆಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ನೋಡಿದೆ. ದರ್ಭೆಯಲ್ಲಿ ಕಟ್ಟಿದ ಆಕಾರ ನನ್ನ ಮೊಣಕೈಯಷ್ಟು ಉದ್ದವಿರಬೇಕು. ಅದಕ್ಕೆ ಬಿಳಿ ಬಟ್ಟೆ ಸುತ್ತಿದ್ದರು. ಚಿಕ್ಕಪ್ಪ ಬೆಂಕಿ ಇಡಲು ಬಾಗಿದಾಗ ನೆಟ್‌ವರ್ಕ್ ಹೋಗಿ ಚಿತ್ರ ಅಲ್ಲೇ ನಿಂತುಬಿಟ್ಟಿತು. ಮತ್ತೆ ಬರುವಷ್ಟರಲ್ಲಿ ಆಗಿಹೋಗಿತ್ತು. ಹತ್ತನೆಯ ದಿನ ಪಿಂಡ ಇಟ್ಟರೆ ಕಾಗೆ ಬಹಳ ಹೊತ್ತು ಹತ್ತಿರ ಸುಳಿಯಲಿಲ್ಲವಂತೆ. ಪುರೋಹಿತರು ದರ್ಭೆಯ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣವೆಂದು ಎದ್ದಾಗ ಒಂದು ಬಂದು ಮುಟ್ಟಿತಂತೆ.

“ಯಾವಾಗ್ಲೂ ತಡಾನೇ ಅಲ್ವೇ ಅವನು,” ಎಂದಳು ಅಮ್ಮ ಫೋನಿನಲ್ಲಿ. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆವತ್ತಿನಿಂದ ಅವಳಿಗೆ ನಿದ್ದೆ ಬರುತ್ತಿದೆ, ಅದೊಂದು ನಿಜ.

ಕರ್ಮ ಶುರುವಾದ ದಿನದಿಂದ ಎರಡು ವಾರ ನಾನು ಅಭ್ಯಾಸಕ್ಕೆ ಹೋಗಲಿಲ್ಲ. ಸೂತಕದಲ್ಲಿ ಹಾಡುವುದು ಹೇಗೆ ಎಂಬುದು ಕುರೋದಾ-ಸಾನ್‌ಗೆ ಹೇಳಿದ ನೆಪ. ನಿಜವಾಗಿ ಆ ಕಿಟಕಿಯನ್ನು ನೋಡುವ ಧೈರ್ಯವಿರಲಿಲ್ಲ. ಹೋದ ವಾರಗಳಲ್ಲೂ ಬಾಯಿ ಆಡಿಸಿದ್ದಷ್ಟೇ. ಹೀಗಾಗಿ ಮತ್ತೆ ನಾನು ಗಂಟಲು ಬಿಟ್ಟು ಆ ಸಾಲು ಹಾಡಿದ್ದು ಕಾರ್ಯಕ್ರಮದ ದಿನವೇ. ಒಂದು ಭಾನುವಾರ ಮಧ್ಯಾಹ್ನ, ಅದೇ ಕಟ್ಟಡದ ಕೆಳಗಿನ ಸಣ್ಣ ಸಭಾಂಗಣ. ಕೇಳಲು ಬಂದವರು ಹಾಡುವವರ ಮನೆಯವರೇ. ರಘು, ಅನ್ವಿ ನಡುವಿನಲ್ಲೆಲ್ಲೋ ಕೂತಿದ್ದರು. ಹಿರೋಸೆ-ಸಾನ್ ಫೆರ್ರಾರಾ-ಸಾನ್ ಬಗ್ಗೆ ನಾಲ್ಕು ಮಾತು ಹೇಳಿ, ಇಷ್ಟು ಕಾಲ ಕಾಯಿಸಿದ್ದಕ್ಕೆ ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದು ವೇದಿಕೆಯ ಮೇಲೆ ಬಾಗಿದರು.

‘ಕಿರಿಯೆ’ ಬಂತು. ನಾನು ಸಾಲು ಎತ್ತಿಕೊಂಡೆ. ನನ್ನಲ್ಲಿದ್ದಷ್ಟು ದನಿಯನ್ನೂ ಬಿಟ್ಟು ಹಾಡಿದೆ. ಕುರೋದಾ-ಸಾನ್ ನನಗೆ ದಾರಿ ಮಾಡಿಕೊಡಲೆಂದೋ ಏನೋ ತಮ್ಮ ದನಿ ತಗ್ಗಿಸಿದರು. ಹಿರೋಸೆ-ಸಾನ್ ಟೆನರುಗಳಿಗೆ ಕೈ ಎತ್ತಿದರು. ಮೂರು ದನಿ ತಾಳಕ್ಕೆ ಸರಿಯಾಗಿ ಬಂದವು. ನಾನು ಕಾದೆ. ನನ್ನ ಬಾಯಿ ಹಾಡುತ್ತಿತ್ತು, ಕಿವಿ ಆ ಮೂರು ದನಿಗಳ ಹಿಂದೆಯೇ ನಿಂತಿತ್ತು. ಏನೂ ಬರಲಿಲ್ಲ. ಮುಂದಿನ ಗುಂಪು ಸೇರಿತು, ಅದರ ಮುಂದಿನದೂ ಸೇರಿತು. ಹಾಡು ಎಲ್ಲೂ ಬಿರುಕಿಲ್ಲದೆ ಮುಂದೆ ಹೋಯಿತು.

ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಚಹಾ ಇತ್ತು. ಹಿರೋಸೆ-ಸಾನ್ ಎಲ್ಲರಿಗೂ ಅರಿಗಾತೋ ಎಂದು ವಂದನೆ ಹೇಳುತ್ತಾ ಬಂದು, ಇವಾಯಿ-ಸಾನ್ ಮುಂದೆ ನಿಂತು, ಈ ದಿನ ಯಾರೂ ತಡವಾಗಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವಾಯಿ-ಸಾನ್ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು. ಕುರೋದಾ-ಸಾನ್ ಚಪ್ಪಾಳೆ ತಟ್ಟಲಿಲ್ಲ. ಚಹಾದ ಲೋಟ ನನ್ನ ಕೈಗೆ ಕೊಟ್ಟು, ನಾನು ಅದನ್ನು ಬೀಳಿಸದ ಹಾಗೆ ಕೆಳಗೆ ತಮ್ಮ ಕೈಯನ್ನೂ ಇಟ್ಟುಕೊಂಡಿದ್ದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಕ್ಯೋಟೋದ ಪೊಲೀಸರಿಂದ ಇವತ್ತಿಗೂ ಯಾವ ಸುದ್ದಿಯೂ ಇಲ್ಲ. ಒಂದು ಮೂಳೆ, ಒಂದು ಶೂ ಸಿಕ್ಕಿದ್ದರೂ ನಾನು ಮಾಡಿದ್ದು ಸರಿಯೆಂದುಕೊಂಡು ಇದ್ದುಬಿಡುತ್ತಿದ್ದೆ. ಆ ಕೋಣೆಯ ಗೋಡೆಯನ್ನು ನಾನೇ ಚಪ್ಪಾಳೆ ತಟ್ಟಿ ಪರೀಕ್ಷೆ ಮಾಡಿದ್ದೇನೆ, ಅದು ದನಿಯನ್ನು ವಾಪಸು ಕೊಡುವುದಿಲ್ಲ. ಆಮೇಲೆ ಎಷ್ಟೋ ಸಲ ಅಲ್ಲಿ ಆ ಸಾಲು ಹಾಡಿದ್ದೇನೆ, ಯಾರೂ ಬಂದಿಲ್ಲ. ಕೆಲವರು ಇದನ್ನು ಕೇಳಿ, ಅವನಿಗೆ ಮುಕ್ತಿ ಸಿಕ್ಕಿತು ಅದಕ್ಕೇ ಬರಲಿಲ್ಲ ಎಂದು ನನ್ನ ಬೆನ್ನು ತಡವುತ್ತಾರೆ. ಇರಬಹುದು. ಆದರೆ ಅವನು ಬಂದದ್ದು ಒಂದೇ ದಿನ, ಅದೂ ನಾನು ಸತ್ತವರ ಸಾಲಿನಲ್ಲಿ ಅವನ ಹೆಸರು ಹೇಳದೆ ಉಳಿಸಿಕೊಂಡಿದ್ದ ದಿನ. ನನ್ನನ್ನು ಕಳಿಸಿಕೊಡು ಎಂದು ಕೇಳಲು ಬಂದಿದ್ದನೋ, ನಾನಿನ್ನೂ ಇದ್ದೇನೆ ಅಕ್ಕ, ಬರುವುದು ಸ್ವಲ್ಪ ತಡವಾಗುತ್ತದೆ ಅಷ್ಟೆ ಎಂದು ಹೇಳಲು ಬಂದಿದ್ದನೋ, ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ಮೊದಲೇ ನಾವು ಪಿಂಡ ಇಟ್ಟುಬಿಟ್ಟೆವು.